ಬೆಳಗಿನವರೆಗೆ ಬಿಸಿ

ಬರುವ ಮಾರ್ಚ್‌ನಲ್ಲಿ ದೋಣಿ ಮಾರುವುದಾಗಿ ರೂಫಸ್ ಹೇಳಿದ್ದು ಬೇಯಿಸಿದ ಮೊಟ್ಟೆಯ ಸಿಪ್ಪೆ ಸುಲಿಯುತ್ತಾ. "ನಿಂಗೂ ಎಲ್ಲಾದ್ರೂ ಒಂದು ರೂಮು ಸಿಗುತ್ತೆ ಬಿಡೋ," ಎಂದ.

ಕಾಲುವೆಯ ಮೇಲೆ ಇಬ್ಬರಿಗೂ ಮನೆಯಾಗಿದ್ದ ಆ ಉದ್ದನೆಯ ಉಕ್ಕಿನ ದೋಣಿಯೊಳಗೆ ಪ್ರತಿ ಹಲಗೆಯನ್ನೂ ಕೂರಿಸಿದ್ದು ತಮ್ಮ ಆಲ್ವಿನ್. ಹಕ್ಕುಪತ್ರ ಮಾತ್ರ ಅಣ್ಣ ರೂಫಸ್‌ನ ಹೆಸರಿನಲ್ಲಿತ್ತು. ಅಣ್ಣ ಸತ್ತರೆ ತಮ್ಮನಿಗೆ. ಅರವತ್ತು ಸಮೀಪಿಸಿದ್ದ ಅವನಿಗೆ ಬೇರೆ ಸೂರಿರಲಿಲ್ಲ. ಸೇತುವೆಯ ಕೆಳಗೆ ಹರಕು ಡೇರೆ ಹಾಕಿಕೊಂಡವರನ್ನು ಅವನು ಪ್ರತಿ ಚಳಿಗಾಲದಲ್ಲೂ ನೋಡುತ್ತಿದ್ದ. ಈಗೀಗ ಅತ್ತ ನೋಡುವ ಧೈರ್ಯವಾಗುತ್ತಿರಲಿಲ್ಲ.

ಉಪಾಯ ಸರಳವಾಗಿತ್ತು. ಸತ್ತ ದೇಹ ಎಷ್ಟು ತಣ್ಣಗಾಗಿದೆ ಎಂಬುದನ್ನು ನೋಡಿ ವೈದ್ಯರು ಸಾವಿನ ಹೊತ್ತನ್ನು ಅಂದಾಜು ಮಾಡುತ್ತಾರೆ. ಕೋಣೆ ಬಿಸಿಯಾಗಿದ್ದರೆ ದೇಹ ನಿಧಾನವಾಗಿ ತಣ್ಣಗಾಗುತ್ತದೆ. ಕುಡಿದು ಮಲಗಿದ ರೂಫಸ್‌ನ ಮುಖದ ಮೇಲೆ ಮಧ್ಯಾಹ್ನ ದಿಂಬು ಒತ್ತಿ, ಹೀಟರನ್ನು ಪೂರ್ತಿ ಏರಿಸಿ, ತಂಗಿಯ ಮನೆಗೆ ರೈಲು ಹತ್ತಬೇಕು. ಹೊತ್ತು ನಿಗದಿ ಮಾಡಿಟ್ಟರೆ ಮುಂಜಾನೆ ಹೀಟರ್ ತಾನೇ ಆರುತ್ತದೆ. ಮರುದಿನ ಹಿಂತಿರುಗಿ ದೇಹವನ್ನು ಮೊದಲು ಕಾಣುವವನು ಆಲ್ವಿನ್‌ನೇ. ವೈದ್ಯರ ಲೆಕ್ಕದಲ್ಲಿ ಸಾವು ಸಂಭವಿಸಿದ್ದು ರಾತ್ರಿ, ಅವನು ಊರಲ್ಲೇ ಇಲ್ಲದಾಗ.

ತೊಡಕಿದ್ದದ್ದು ಪಂಪಿನಲ್ಲಿ. ಹೀಟರಿನ ಬಿಸಿನೀರನ್ನು ಕೊಳವೆಗಳಲ್ಲಿ ಓಡಿಸುವ ಹಳೆಯ ಪಂಪು ಸವೆದುಹೋಗಿತ್ತು. ಹೋದ ಚಳಿಗಾಲದಲ್ಲಿ ಎರಡು ಸಲ ನಿಂತಿತ್ತು; ಎರಡು ಸಲವೂ ಪಕ್ಕದ ದೋಣಿಯ ಮುದುಕಿ ವಿನ್ನಿ ಒಲೆಗೆಂದು ಕಲ್ಲಿದ್ದಲಿನ ಬಕೆಟ್ ಹಿಡಿದು ಬಂದಿದ್ದಳು. ಅವಳ ದೋಣಿಯನ್ನು ಇವರ ದೋಣಿಗೆ ಒತ್ತಿಯೇ ಕಟ್ಟಿತ್ತು. "ರಾತ್ರಿಯೆಲ್ಲಾ ಗೊರ್ ಗೊರ್ ಅನ್ನೋದು ರೂಫಸ್ಸೋ ಪಂಪೋ?" ಎಂದು ಅವಳು ಕೆಣಕುವುದಿತ್ತು.

ಅಂಥ ಪಂಪನ್ನು ನಂಬುವಂತಿರಲಿಲ್ಲ. ಆಲ್ವಿನ್ ವಾರಗಟ್ಟಲೆ ಓದಿದ. ಮೋಟರಿನಲ್ಲಿ ಸವೆಯುವ ಇಂಗಾಲದ ಬ್ರಶ್ಶುಗಳಿಲ್ಲದ್ದು, ತಿರುಗುವ ಅಚ್ಚು ಪಿಂಗಾಣಿಯದಾಗಿರುವುದು, ಸತತ ಬಿಸಿನೀರಿಗೆ ಅಂಜದ್ದು: ಕೊನೆಗೆ ಒಂದನ್ನು ಆರಿಸಿದ.

"ಇದು ನಿಮಗಿಂತ ಹೆಚ್ಚು ಬಾಳುತ್ತೆ," ಎಂದ ಅಂಗಡಿಯವನು. "ಓಡ್ತಾ ಇದೆಯೋ ಇಲ್ವೋ ಅಂತ ಮುಟ್ಟಿ ನೋಡ್ಬೇಕು, ಅಷ್ಟೇ."

ಗುರುವಾರ ಬೆಳಿಗ್ಗೆ ಅದನ್ನು ಕೂರಿಸಿದ. ಕೊಳವೆಗಳು ಕೂಡಲೇ ಬಿಸಿಯೇರಿದವು. ರೂಫಸ್ ಬರಿಗಾಲಲ್ಲಿ ಓಡಾಡಿ ಖುಷಿಪಟ್ಟ. "ಮೊದಲೇ ಹಾಕಿದ್ರೆ ಮಾರೋ ಯೋಚನೆನೇ ಬರ್ತಿರ್ಲಿಲ್ಲ ಕಣೋ," ಎಂದು ನಕ್ಕು ಮತ್ತೊಂದು ಲೋಟ ರಮ್ ಸುರಿದುಕೊಂಡ. ಆ ಮಾತಿಗೆ ಆಲ್ವಿನ್ ಒಂದು ಕ್ಷಣ ಹಿಂಜರಿದ. ಆದರೆ ಕೊಳ್ಳುವವನು ಮುಂಗಡ ಕೊಟ್ಟಾಗಿತ್ತು.

ಊಟದ ನಂತರ ಕೆಲಸ ಮುಗಿಯಿತು. ಅಂದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ದಿಂಬನ್ನು ರೂಫಸ್‌ನ ತಲೆಯಡಿಗೆ ಸೇರಿಸಿ, ಹೀಟರ್ ಏರಿಸಿ, ಕೋಟು ತೊಟ್ಟ. ಕೊಳವೆಯ ಮೇಲೆ ಅಂಗೈ ಇಟ್ಟು ನೋಡಿದ. ನೀರು ಸದ್ದಿಲ್ಲದೆ ಓಡುತ್ತಿತ್ತು.

ಆಗ ದೋಣಿ ಒಂದು ಬದಿಗೆ ತುಸು ವಾಲಿತು. ಯಾರೋ ಕಾಲಿಟ್ಟಿದ್ದರು. ಮೇಲಿನ ಬಾಗಿಲು ಸರಿದು, ಕಲ್ಲಿದ್ದಲು ತುಂಬಿದ ಬಕೆಟ್ ಒಳಗಿಳಿಯಿತು, ಅದರ ಹಿಂದೆಯೇ ವಿನ್ನಿ. "ನಿಮ್ಮ ಪಂಪು ಮತ್ತೆ ನಿಂತೋಯ್ತಲ್ಲೋ ಆಲ್ವಿನ್," ಎಂದಳು. "ಬೆಳಿಗ್ಗೆಯಿಂದ ನನ್ನ ಗೋಡೆಲಿ ಸದ್ದೇ ಇಲ್ಲ. ರೂಫಸ್ ಚಳಿಗೆ ಹೆಪ್ಪುಗಟ್ಟಿದ್ನೇನೋ ಅಂತ ಬಂದೆ." ಒಳಗಿನ ಬಿಸಿ ಮುಖಕ್ಕೆ ತಾಗಿದಾಗ ಅವಳು ಬೆರಗಾಗಿ ನಿಂತಳು, ಆಮೇಲೆ ಮಂಚದ ಕಡೆ ನೋಡಿದಳು.