ಸೊಂಟ ದಾಟುವ ಗಾಡಿ

"ಎಳೀಬೇಡಿ ಅತ್ತೆ, ತಳ್ಳಿ."

"ತಳ್ಳಿದ್ರೆ ಇನ್ನೂ ಒಳಗೆ ಹೋಗಿ ಕೂತ್ಕೊಳ್ಳುತ್ತೆ ಕಣೇ. ನೀನು ಆ ಕಡೆಯಿಂದ ಎತ್ತು."

ಗುಂಡುಸೂಜಿ ಅಂತ ಎಲ್ಲರೂ ಕರೆಯುವ ಹುಡುಗಿ ಎತ್ತಿದಳು. ಸ್ಟ್ರೋಲರ್ ಮಿಸುಕಲಿಲ್ಲ. ಅದರ ಎಡ ಚಕ್ರ ಲೈಟ್ ಕಂಬಕ್ಕೆ ಒತ್ತಿಕೊಂಡಿತ್ತು, ಬಲ ಚಕ್ರ ಚಪ್ಪಲಿ ರಿಪೇರಿಯವನ ಗೋಡೆಗೆ. ನಡುವೆ ಅದು ಬಾಟಲಿಯ ಬಾಯಿಗೆ ಜಡಿದ ಬಿರಡೆಯ ಹಾಗೆ ಗಟ್ಟಿಯಾಗಿ ಕೂತಿತ್ತು. ಮೈಯೆಲ್ಲ ನೀಲಿ ಬಟ್ಟೆ, ತಲೆಯ ಮೇಲೆ ಕೊಡೆಯಂಥ ಛಾವಣಿ, ಪಕ್ಕಕ್ಕೆ ಲೋಟ ಇಡಲು ಒಂದು ಬಳೆ. ಒಳಗೆ ಮಗು ಇರಲಿಲ್ಲ, ಪುಣ್ಯ.

ಅತ್ತೆಯ ಹಿಂದೆ ನೀರಿನ ಕ್ಯಾನ್ ಹೊತ್ತವನು ಬಂದು ನಿಂತ. ಅವನ ಹಿಂದೆ ಸೈಕಲ್ಲಿನ ಹಾಲಿನವನು. ಅವನ ಹಿಂದೆ ಇನ್ಯಾರೋ.

"ಏನಮ್ಮಾ, ಮನೆಗೆ ಸೋಫಾ ಸೆಟ್ ಬಂತಾ?" ಎಂದ ನೀರಿನವನು.

"ಸೋಫಾ ಅಲ್ಲಪ್ಪಾ, ಮಗು ಕೂರಿಸೋ ಗಾಡಿ" ಎಂದಳು ಅತ್ತೆ, ಬೆವರು ಒರೆಸಿಕೊಳ್ಳುತ್ತ.

"ಒಂದೇ ಮಗೂನಾ? ನಾನು ಐದಾರು ಇರಬೇಕು ಅಂದ್ಕೊಂಡೆ."

ಗುಂಡುಸೂಜಿಗೆ ನಗು ಬಂತು. ಅತ್ತೆ ನೋಡಿದ ನೋಟಕ್ಕೆ ಅದು ಗಂಟಲಲ್ಲೇ ನಿಂತಿತು.

ಗಲ್ಲಿಯವರೆಲ್ಲ ಆ ಜಾಗವನ್ನು 'ಸೊಂಟ' ಎನ್ನುತ್ತಿದ್ದರು. ಅಲ್ಲಿಯವರೆಗೆ ಅಗಲವಾಗಿಯೇ ಬರುವ ಗಲ್ಲಿ ಇದ್ದಕ್ಕಿದ್ದಂತೆ ಉಸಿರು ಒಳಗೆಳೆದುಕೊಂಡು ಸಣ್ಣಗಾಗುತ್ತಿತ್ತು. ಕಂಬ ದಾಟಿದ ಮೇಲೆ ಮತ್ತೆ ಹೊಟ್ಟೆ ಬಿಡುತ್ತಿತ್ತು. ಸೊಂಟಕ್ಕೆ ಕಾಲಿಡುವ ಮುಂಚೆ "ಬಂದೆ" ಎಂದು ಕೂಗಬೇಕು. ಮೊದಲು ಕೂಗಿದವರಿಗೆ ದಾರಿ. ಅಪ್ಪನ ಅಕ್ಕನಾದ ಈ ಅತ್ತೆಗೆ ಇದೆಲ್ಲ ಎಲ್ಲಿ ಗೊತ್ತು? ಅವಳ ಮನೆ ಇದ್ದದ್ದು ಎರಡು ಕಾರು ಅಕ್ಕಪಕ್ಕ ಹರಟೆ ಹೊಡೆಯುತ್ತ ಹೋಗಬಹುದಾದಂಥ ರಸ್ತೆಯಲ್ಲಿ.

ಕೊನೆಗೆ ನೀರಿನವನೇ ಕ್ಯಾನ್ ಇಳಿಸಿ, ಎರಡೂ ಕೈಯಲ್ಲಿ ಹಿಡಿದು ಜಗ್ಗಿದ. ಸ್ಟ್ರೋಲರ್ ಬಂದ ದಾರಿಗೇ ವಾಪಸ್ಸಾಯಿತು. ಲೋಟ ಇಡುವ ಬಳೆ ಮಾತ್ರ ಮುರಿದು ಕಂಬದ ಬುಡದಲ್ಲಿ ಉಳಿಯಿತು.

ಮನೆಯಲ್ಲಿ ಫ್ಯಾನಿನ ಕೆಳಗೆ ಕೂತು ಅತ್ತೆ ತೀರ್ಪು ಕೊಟ್ಟಳು. "ಗಾಡೀಲಿ ದೋಷ ಇಲ್ಲ. ನಿಮ್ಮ ಗಲ್ಲೀದೇ ದೋಷ. ನನ್ನ ಮಗ ಇದರಲ್ಲೇ ಬೆಳೆದ."

ಅತ್ತೆಯ ಮಗನಿಗೆ ಈಗ ಮೀಸೆ ಬಂದಿತ್ತು. ಬೇರೆ ಊರಿನ ಹಾಸ್ಟೆಲ್ಲಿನಲ್ಲಿದ್ದ. ಅವನ ಗಾಡಿಯನ್ನು ಮಾತ್ರ ಅತ್ತೆ ಇಷ್ಟು ವರ್ಷ ಬಟ್ಟೆ ಹೊದಿಸಿ ಇಟ್ಟಿದ್ದಳು.

ಅಮ್ಮನ ತೊಡೆಯ ಮೇಲೆ ತಮ್ಮ ಕೂತು ತನ್ನ ಕಾಲ್ಬೆರಳನ್ನೇ ಬಾಯಿಗೆ ತರುವ ಪ್ರಯತ್ನದಲ್ಲಿದ್ದ. ಏಳು ತಿಂಗಳ ಅವನನ್ನು ಎಲ್ಲರೂ 'ದೊರೆ' ಎನ್ನುತ್ತಿದ್ದರು. ಯಾವಾಗಲೂ ಯಾರಾದರೂ ಹೊತ್ತುಕೊಂಡೇ ತಿರುಗಬೇಕಲ್ಲ, ಅದಕ್ಕೆ.

ಆದರೆ ಅಮ್ಮನ ಬಲ ಮಣಿಕಟ್ಟಿಗೆ ಪಟ್ಟಿ ಸುತ್ತಿತ್ತು. ಹದಿನೈದು ವರ್ಷ ದೊಡ್ಡ ಕತ್ತರಿ ಹಿಡಿದು ಬಟ್ಟೆ ಕತ್ತರಿಸಿದ ಕೈ ಅದು. ಮೆಷಿನ್ನಿನಲ್ಲಿ ಹೊಲಿಯಬಹುದು, ಭಾರ ಎತ್ತಬಾರದು ಎಂದಿದ್ದರು ಡಾಕ್ಟರು. ಸೋಮವಾರ ಅಮ್ಮ ಮತ್ತೆ ಟೈಲರ್ ಅಂಗಡಿಗೆ ಹೋಗಲೇಬೇಕಿತ್ತು. ಇಲ್ಲದಿದ್ದರೆ ಅವಳ ಮೆಷಿನ್ನಿನ ಮುಂದೆ ಬೇರೆಯವರು ಕೂರುತ್ತಾರೆ.

"ಮಗೂನ ಕರ್ಕೊಂಡೇ ಬಾ" ಎಂದಿದ್ದರು ಅಂಗಡಿಯ ಯಜಮಾನಿ. "ಆದ್ರೆ ನೆಲದ ಮೇಲೆ ಬಿಡೋ ಹಾಗಿಲ್ಲ, ಎಲ್ಲಾ ಕಡೆ ಸೂಜಿ. ಒಂದು ಗಾಡಿ ಇಟ್ಕೋ."

ಅಪ್ಪ ಲಾರಿ ಹೊಡೆಯುತ್ತ ಎಲ್ಲೋ ದೂರದಲ್ಲಿದ್ದ. ಬರುವುದು ಇನ್ನೂ ಹತ್ತು ದಿನಕ್ಕೆ.

"ನಾನು ಹೇಳೋದು ಕೇಳು" ಎಂದಳು ಅತ್ತೆ ಅಮ್ಮನಿಗೆ. "ಸೋಮವಾರ ಬೆಳಗ್ಗೆ ನಾನೇ ಬಂದು ದೊರೇನ ಕರ್ಕೊಂಡು ಹೋಗ್ತೀನಿ. ಶನಿವಾರ ತಂದುಬಿಡ್ತೀನಿ. ನಮ್ಮಲ್ಲಿ ಲಿಫ್ಟಿದೆ, ಪಾರ್ಕಿದೆ. ನನಗೂ ಮನೇಲಿ ಏನ್ ಕೆಲಸ?"

"ನೋಡೋಣ ಅಕ್ಕ" ಎಂದಳು ಅಮ್ಮ.

ಗುಂಡುಸೂಜಿಗೆ ಗೊತ್ತಿತ್ತು. ಅಮ್ಮನ 'ನೋಡೋಣ' ಅಂದರೆ ಇವತ್ತಿನ 'ನೋಡೋಣ', ನಾಳೆಯ 'ಆಯ್ತು'. ಅಡುಗೆಮನೆಯ ಪರದೆಯ ಬಣ್ಣವನ್ನೂ ಅತ್ತೆ ಹೀಗೇ ಆರಿಸಿದ್ದು.

"ವಾರವೆಲ್ಲ ಅವನು ಇಲ್ಲಿ ಇರಲ್ವಾ?" ಎಂದಳು.

"ಆರೇ ದಿನ ಕಣೇ."

"ವಾರಕ್ಕಿರೋದೇ ಏಳು."

"ನೋಡಿದ್ಯಾ ಇವಳ ಬಾಯಿ" ಎಂದಳು ಅತ್ತೆ. ಸುಮ್ಮನೆ ಗುಂಡುಸೂಜಿ ಅಂತ ಕರೆಯುತ್ತಿರಲಿಲ್ಲ ಅವಳನ್ನು. ತೆಳ್ಳಗೆ, ಚಿಕ್ಕದು, ಮುಟ್ಟಿದರೆ ಚುಚ್ಚು.

"ಸೊಂಟ ದಾಟೋ ಗಾಡಿ ಸಿಕ್ಕಿದ್ರೆ?" ಎಂದಳು ಗುಂಡುಸೂಜಿ.

"ಎಲ್ಲಿ ಸಿಗುತ್ತೆ? ಗೊಂಬೆ ಅಂಗಡೀಲಾ?"

"ಸಿಕ್ಕಿದ್ರೆ?"

"ಸಿಕ್ಕಿದ್ರೆ ನಾನೇ ಕೊಡಿಸ್ತೀನಿ. ನಾಳೆ ಅಂಗಡಿಗೆ ಹೋಗೋಣ. ಸಿಗದಿದ್ರೆ ದೊರೆ ನಮ್ಮನೆಗೆ. ಆಮೇಲೆ ಮುಖ ಊದಿಸ್ಕೊಂಡು ಕೂರಬಾರದು."

ಅವತ್ತು ಸಂಜೆ ಗುಂಡುಸೂಜಿ ಅಮ್ಮನ ಟೇಪು ಕುತ್ತಿಗೆಗೆ ಹಾಕಿಕೊಂಡು ಗಲ್ಲಿಗೆ ಇಳಿದಳು. ದರ್ಜಿಗಳು ಮೈ ಅಳೆಯುವ ಟೇಪು ಅದು. ಕಂಬದಿಂದ ಗೋಡೆಗೆ ಹಿಡಿದಳು. ಇಪ್ಪತ್ತೆರಡು ಇಂಚು. ಲೆಕ್ಕದ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದಳು. ಚರಂಡಿ ಮುಚ್ಚಿದ ಚಪ್ಪಡಿಗಳ ಸಂದಿ ಮೂರು ಬೆರಳು. ನಲ್ಲಿಯ ಹತ್ತಿರ ಮೆಟ್ಟಿಲು ನಾಲ್ಕು, ಅದರಲ್ಲೊಂದು ಮುರಿದದ್ದು.

"ಯಾರಿಗೆ ಬಟ್ಟೆ ಹೊಲೀತಿದೀಯೇ? ಗಲ್ಲಿಗಾ?" ಎಂದು ಕೇಳಿದ ಚಪ್ಪಲಿ ರಿಪೇರಿಯವನು.

"ಹ್ಞೂಂ. ಸೊಂಟ ಇಪ್ಪತ್ತೆರಡು."

ಆಮೇಲೆ ಗುಜರಿಯವನ ತಕ್ಕಡಿಯ ಮೇಲೆ ಸ್ಕೂಲ್ ಬ್ಯಾಗ್ ಇಟ್ಟು, ಪುಸ್ತಕ, ನೀರಿನ ಬಾಟಲಿ, ಹಳೇ ಇಸ್ತ್ರಿಪೆಟ್ಟಿಗೆ ಒಂದೊಂದಾಗಿ ತುಂಬಿದಳು. ಸರಿಯಾಗಿ ಎಂಟು ಕೆಜಿ ಆಗುವವರೆಗೆ. ದೊರೆಯ ತೂಕ ಎಂಟು ಕೆಜಿ.

ಮಾರನೆಯ ದಿನ ಅಂಗಡಿಗೆ ದೊರೆಯನ್ನು ಎಡಗೈಯಲ್ಲಿ ಎತ್ತಿಕೊಂಡು ಅಮ್ಮನೂ ಜೊತೆಗೆ ಬಂದಳು. ಟೈ ಕಟ್ಟಿದವನೊಬ್ಬ ನಗುತ್ತ ಬಂದ. ಬಿಳಿ ಸ್ಟ್ರೋಲರೊಂದನ್ನು ಮುಂದಕ್ಕೆ ತಂದು ಗುಂಡಿ ಒತ್ತಿದ. ಗಂಟೆಗಳು ಕಿಣಿಕಿಣಿ ಎಂದವು.

"ಇದರಲ್ಲಿ ಮ್ಯೂಸಿಕ್ ಇದೆ ಮೇಡಂ."

"ಹಾಡು ನಾವೇ ಹೇಳ್ತೀವಿ" ಎಂದಳು ಗುಂಡುಸೂಜಿ. "ಅಗಲ ಎಷ್ಟು?"

ಟೈಯವನು ಅತ್ತೆಯ ಕಡೆ ನೋಡಿದ. "ಅವಳನ್ನೇ ಕೇಳಪ್ಪ. ಇವತ್ತು ಅವಳೇ ಇಂಜಿನಿಯರ್" ಎಂದಳು ಅತ್ತೆ.

ಬಿಳಿಯದರ ಅಗಲ ಹತ್ತೊಂಬತ್ತು. ಸಾಕಷ್ಟು ಸಣ್ಣ. ಆದರೆ ಗುಂಡುಸೂಜಿ ಮೊಣಕಾಲೂರಿ ಅದರ ಚಕ್ರಗಳ ಪಕ್ಕ ಮೂರು ಬೆರಳು ಇಟ್ಟಳು. ಬೋಂಡದಷ್ಟು ಚಕ್ರ ಚರಂಡಿಯ ಸಂದಿಯೊಳಗೆ ಆರಾಮವಾಗಿ ಇಳಿದು ಅಲ್ಲೇ ಮನೆ ಮಾಡುತ್ತದೆ.

"ಬೇಡ" ಎಂದಳು.

ಎರಡನೆಯದು ಕೆಂಪು. ಸೈಕಲ್ಲಿನ ಮರಿಯಂಥ ದೊಡ್ಡ ಗಾಳಿ ಚಕ್ರ. ನೋಡಿದ ಕೂಡಲೇ ಅವಳಿಗೆ ಅದರ ಮೇಲೆ ಮನಸ್ಸಾಯಿತು. ಒಂದು ಚಕ್ರದ ಹೊರ ಅಂಚಿನಿಂದ ಇನ್ನೊಂದರ ಹೊರ ಅಂಚಿಗೆ ಟೇಪು ಹಿಡಿದಳು. ಇಪ್ಪತ್ತೊಂದು.

"ಇದೇ. ಒಂದು ಇಂಚು ಮಿಕ್ಕುತ್ತೆ" ಎಂದಳು. "ಅಂಕಲ್, ಎರಡು ಸ್ಟೂಲ್ ಕೊಡಿ."

"ಸ್ಟೂಲ್ ಯಾಕೆ?"

"ಒಂದು ಕಂಬ, ಒಂದು ಗೋಡೆ."

ಅಂಗಡಿಯ ನಡುವೆ ಸೊಂಟ ಎದ್ದು ನಿಂತಿತು. ಟೇಪು ಹಿಡಿದು ಇಪ್ಪತ್ತೆರಡಕ್ಕೇ ನಿಲ್ಲಿಸಿದ್ದಳು. ಎಂಟು ಕೆಜಿಯ ಬ್ಯಾಗನ್ನು ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕಿದಳು. ಬೇರೆ ಗಿರಾಕಿಗಳೂ ಬಂದು ಸುತ್ತ ನಿಂತರು. ಗುಂಡುಸೂಜಿ ಎರಡೂ ಕೈಯಲ್ಲಿ ಹಿಡಿದು, ನಾಲಿಗೆ ಕಚ್ಚಿಕೊಂಡು, ಸೂಜಿಗೆ ದಾರ ಪೋಣಿಸುವ ಹಾಗೆ ತಳ್ಳಿದಳು. ಗಾಡಿ ದಾಟಿತು.

ಅತ್ತೆಯ ಕಡೆ ತಿರುಗಿ ಗದ್ದ ಎತ್ತಿದಳು.

"ಈಗ ನಾನು ತಳ್ಳಿ ನೋಡ್ತೀನಿ" ಎಂದಳು ಅಮ್ಮ. ದೊರೆಯನ್ನು ಅತ್ತೆಯ ಕೈಗೆ ಕೊಟ್ಟು, ಬಲಗೈ ಬೆನ್ನ ಹಿಂದೆ ಇಟ್ಟುಕೊಂಡು, ಎಡಗೈ ಒಂದರಲ್ಲೇ ತಳ್ಳಿದಳು.

ಗಾಡಿ ಒಂದು ಕೂದಲೆಳೆ ಓರೆಯಾಯಿತು. ಅಷ್ಟೇ ಸಾಕಾಯಿತು. ಕಂಬ ಧೊಪ್ಪನೆ ಉರುಳಿತು.

"ನೀನು ನೆಟ್ಟಗೆ ತಳ್ಳಲಿಲ್ಲ" ಎಂದಳು ಗುಂಡುಸೂಜಿ.

"ಮಳೆ ಬರ್ತಿರುತ್ತೆ, ಇವನು ಅಳ್ತಿರುತ್ತಾನೆ, ಹಿಂದೆ ಹಾಲಿನವನು ಬೆಲ್ ಹೊಡೀತಿರುತ್ತಾನೆ. ನೆಟ್ಟಗೆ ಎಲ್ಲಿ ಬರುತ್ತೆ ನನಗೆ?" ಅಮ್ಮ ಸ್ಟೂಲು ಎತ್ತಿ ನಿಲ್ಲಿಸಿದಳು. "ಮೈಯಳತೆಗೇ ಬಟ್ಟೆ ಕತ್ತರಿಸ್ತೀವೇನೇ ನಾವು? ಸಡಿಲ ಬಿಟ್ಯಾ?"

ಗುಂಡುಸೂಜಿಯ ಕಿವಿ ಬಿಸಿಯಾಯಿತು. ಎದೆ ಮೂವತ್ತಿದ್ದರೆ ಅಂಗಿ ಮೂವತ್ತಲ್ಲ. ಕೈ ಎತ್ತಬೇಕು, ಉಸಿರಾಡಬೇಕು, ಕೂರಬೇಕು. ಅದಕ್ಕೆಂದು ಬಿಡುವ ಜಾಗವೇ ಸಡಿಲ. ದರ್ಜಿಯ ಮಗಳಾಗಿ ಅದನ್ನೇ ಮರೆತಿದ್ದಳು. ನೋಟ್‌ಬುಕ್ಕಿನಲ್ಲಿ 'ಇಪ್ಪತ್ತೆರಡು' ಹೊಡೆದುಹಾಕಿ, ನಾಲ್ಕಿಂಚು ಸಡಿಲ ಬಿಟ್ಟು 'ಹದಿನೆಂಟು' ಎಂದು ಬರೆದಳು.

"ಹದಿನೆಂಟು ಇಂಚು, ದೊಡ್ಡ ಚಕ್ರ" ಎಂದಳು ಟೈಯವನಿಗೆ.

"ಅಂಥದ್ದು ಬರಲ್ಲ ಪುಟ್ಟಾ."

"ಹುಡುಕದೇ ಹೇಗೆ ಗೊತ್ತಾಯ್ತು?"

ಟೈಯವನು ನಿಟ್ಟುಸಿರು ಬಿಟ್ಟು ಗೋದಾಮಿಗೆ ಹೋದ. ಅಲ್ಲೇ ನಿಲ್ಲದೆ ಗುಂಡುಸೂಜಿಯೂ ಹೋದಳು. ಕೊನೆಯ ಸಾಲಿನಲ್ಲಿ, ರಟ್ಟಿನ ಪೆಟ್ಟಿಗೆಗಳ ಹಿಂದೆ, ಬೂದಿ ಬಣ್ಣದ್ದೊಂದು ಸಿಕ್ಕಿತು. ಗಾಜಿನ ಕಿಟಕಿಯಲ್ಲಿ ತುಂಬಾ ದಿನ ನಿಂತಿದ್ದಕ್ಕೆ ಅದರ ಒಂದು ಮಗ್ಗುಲು ಬಿಸಿಲಿಗೆ ಮಾಸಿತ್ತು. ಲೋಟದ ಬಳೆ ಇಲ್ಲ, ಹಾಡಿಲ್ಲ. ಹದಿನೆಂಟೂವರೆ ಇಂಚು. ಚಕ್ರ ಊಟದ ತಟ್ಟೆಯಷ್ಟಿತ್ತು.

ಅಮ್ಮ ಎಡಗೈಯಲ್ಲಿ ತಳ್ಳಿದಳು. ದಾಟಿತು. ಬೇಕೆಂದೇ ಓರೆಯಾಗಿ ತಳ್ಳಿದಳು. ದಾಟಿತು. ಅಂಗಡಿಯ ಹೊರಗೆ ಒಡೆದ ಫುಟ್‌ಪಾತಿನ ಮೇಲೆ ಎಂಟು ಕೆಜಿಯ ಬ್ಯಾಗನ್ನು ಮೂರು ಸಲ ಓಡಾಡಿಸಿದಳು. ಬ್ಯಾಗು ಅಳಲಿಲ್ಲ. ಎರಡು ಮೆಟ್ಟಿಲನ್ನು ಹಿಂದಿನಿಂದ ಎಳೆದು ಹತ್ತಿಸಿದಳು. ಕೊನೆಗೆ ಬ್ಯಾಗ್ ತೆಗೆದು, ಹಿಡಿಯ ಕೆಳಗಿನ ಕೀಲನ್ನು ಎಡಗೈಯಲ್ಲಿ ಒತ್ತಿದಳು. ಗಾಡಿ ಮಡಚಿಕೊಂಡು ಮುಚ್ಚಿದ ಕೊಡೆಯ ಹಾಗೆ ಗೋಡೆಗೆ ಒರಗಿತು.

"ಮಾಸಿದೆ ಕಣೇ" ಎಂದಳು ಅತ್ತೆ.

"ದೊರೆ ಕೂತ್ರೆ ಇನ್ನೂ ಮಾಸುತ್ತೆ" ಎಂದಳು ಗುಂಡುಸೂಜಿ.

ಅತ್ತೆ ಮಾತು ತಪ್ಪುವವಳಲ್ಲ. "ಇದನ್ನೇ ಪ್ಯಾಕ್ ಮಾಡಪ್ಪ" ಎಂದಳು. ಟೈಯವನು ಚಕ್ರ ಒರೆಸಲು ಬಟ್ಟೆ ತರುತ್ತೇನೆಂದು ಒಳಗೆ ಹೋದ. ದೊರೆ ಅಮ್ಮನ ಮಡಿಲಿಗೆ ವಾಪಸ್ಸು ಬಂದ.

ಗುಂಡುಸೂಜಿ ನೋಟ್‌ಬುಕ್ ತೆರೆದಳು. ಅಳತೆ ಬರೆದದ್ದರ ಹಿಂದಿನ ಹಾಳೆಯಲ್ಲಿ ಅವಳು ಹತ್ತು ಉತ್ತರ ಬರೆದುಕೊಂಡಿದ್ದಳು. ಗಾಡಿ ಸಿಕ್ಕರೂ ಅತ್ತೆ ಬಿಡುವುದಿಲ್ಲ ಎಂದು ಗೊತ್ತಿತ್ತು. ಲಿಫ್ಟಿಗೆ ಒಂದು ಉತ್ತರ, ಪಾರ್ಕಿಗೆ ಒಂದು ಉತ್ತರ, ಶನಿವಾರಕ್ಕೆ ಒಂದು.

ಆಗ ಅತ್ತೆಯ ಕಾಲು ಕಾಣಿಸಿತು.

ಬೆಂಚಿನ ಮೇಲೆ ಕೂತ ಅತ್ತೆಯ ಮುಂದೆ ಆ ಕೆಂಪು ಗಾಡಿ ಇತ್ತು. ಅದರ ಚಕ್ರದ ಮೇಲೆ ಪಾದ ಇಟ್ಟು ಅವಳು ಮೆಲ್ಲಗೆ ಹಿಂದೆ ಮುಂದೆ, ಹಿಂದೆ ಮುಂದೆ ಆಡಿಸುತ್ತಿದ್ದಳು. ಗಾಡಿಯಲ್ಲಿ ಯಾರೂ ಇರಲಿಲ್ಲ. ತಾನು ಹಾಗೆ ಮಾಡುತ್ತಿದ್ದೇನೆಂದು ಅವಳಿಗೇ ಗೊತ್ತಿದ್ದಂತಿರಲಿಲ್ಲ. ಅವಳ ಕಣ್ಣು ಬೀದಿಯ ಕಡೆಗಿತ್ತು.

ಗುಂಡುಸೂಜಿ ಅಮ್ಮನ ಕಡೆ ತಿರುಗಿದಳು. ಅಮ್ಮನೂ ಆ ಪಾದವನ್ನೇ ನೋಡುತ್ತಿದ್ದಳು. ಇವತ್ತು ಮಾತ್ರ ನೋಡಿದವಳ ಹಾಗೆ ಕಾಣಲಿಲ್ಲ. ಬಹಳ ದಿನದಿಂದ ಗೊತ್ತಿದ್ದವಳ ಹಾಗಿತ್ತು ಅವಳ ಮುಖ.

ಗುಂಡುಸೂಜಿ ಹಾಳೆಯ ಮೇಲೆ ಕಣ್ಣಾಡಿಸಿದಳು. ಈ ಪಾದಕ್ಕೆ ಅದರಲ್ಲಿ ಉತ್ತರವಿರಲಿಲ್ಲ. ಟೇಪಿನಲ್ಲಂತೂ ಇರಲೇ ಇಲ್ಲ. ನೋಟ್‌ಬುಕ್ ಮುಚ್ಚಿದಳು.

"ಗಾಡಿ ಸಿಕ್ತು, ಸರಿ" ಎಂದಳು ಅತ್ತೆ, ಬೀದಿಯಿಂದ ಕಣ್ಣು ಕೀಳದೆ. ಅವಳ ದನಿ ಯಾವತ್ತಿನಷ್ಟು ಜೋರಾಗಿರಲಿಲ್ಲ. "ಆರು ದಿನ ಬೇಡ, ಬಿಡು. ವಾರಕ್ಕೆ ಎರಡೇ ದಿನ. ಎರಡು ರಾತ್ರಿ ನನ್ನ ಹತ್ರ ಮಲಗಲಿ. ನಿನ್ನ ಕೈಗೂ ರೆಸ್ಟ್ ಆಗುತ್ತೆ. ನಾನೇನು ಹೊರಗಿನವಳಾ?"

ಗುಂಡುಸೂಜಿ, ಅಮ್ಮ 'ನೋಡೋಣ' ಎನ್ನುವುದನ್ನು ಕಾಯುತ್ತ ನಿಂತಳು.

ಅಮ್ಮ ದೊರೆಯನ್ನು ಎಡಗೈಯಲ್ಲಿ ಇನ್ನಷ್ಟು ಮೇಲಕ್ಕೆ ಒತ್ತಿಕೊಂಡಳು.

"ಹೊರಗಿನವರಲ್ಲ ಅಕ್ಕ. ನೀವು ದಿನಾ ಬಂದು ಕೂತ್ಕೊಳ್ಳಿ" ಎಂದಳು. "ಆದ್ರೆ ಇವನನ್ನ ಕಳಿಸಲ್ಲ. ಒಂದು ರಾತ್ರೀನೂ ಕಳಿಸಲ್ಲ."