ಇಪ್ಪತ್ತೆರಡು ಮೊಬೈಲಿನಲ್ಲಿ ವಿಜೇತಾಕ್ಕನ ಗೇಮ್

"ವಿಜೇತಾಕ್ಕ, ಗುಡ್ ನ್ಯೂಸ್!" ಚಪ್ಪಲಿ ಬಿಡುವ ಮೊದಲೇ ಯಕ್ಷಿತಾ ಕೂಗಿದಳು. "ನಮ್ಮ ಕ್ಲಾಸಲ್ಲಿ ಇಪ್ಪತ್ತೆರಡು ಮಂದಿ ನಿಮ್ಮ ಗೇಮ್ ಆಡ್ತಿದ್ದಾರೆ!"

ಲ್ಯಾಪ್‌ಟಾಪಿನ ಮೇಲೆ ಓಡುತ್ತಿದ್ದ ವಿಜೇತಾಳ ಬೆರಳುಗಳು ನಿಂತವು. "ಇಪ್ಪತ್ತೆರಡಾ? ಸರಿಯಾಗಿ ಹೇಳು ಮಾರಾಯ್ತಿ. ಈ ವಾರ ಸೇಲ್ ಆದದ್ದೇ ಎರಡು."

"ಸೇಲ್ ಅಲ್ಲ ಅಕ್ಕ, ನಾನೇ ಫಾರ್ವರ್ಡ್ ಮಾಡಿದ್ದು. ಟೆಸ್ಟಿಂಗಿಗೆ ಅಂತ ಮಮ್ಮಿಯ ಮೊಬೈಲಿಗೆ ಫೈಲ್ ಕಳಿಸಿದ್ರಲ್ಲ, ಅದನ್ನೇ. ಏಕ್‌ದಮ್ ಫ್ರೀ!"

ಈಗ ಅಕ್ಕ ಕೆನ್ನೆ ಹಿಂಡಿ ಶಹಬ್ಬಾಸ್ ಅನ್ನುತ್ತಾಳೆ ಎಂದು ಯಕ್ಷಿತಾ ಕಾದಳು. ಅಕ್ಕ ಅನ್ನಲಿಲ್ಲ.

ವಿಜೇತಾ ಯಕ್ಷಿತಾಳ ಬಿಲ್ಡಿಂಗಿನದೇ ಮೂರನೇ ಮಹಡಿಯವಳು. ಪರೇಲ್‌ನ ಆಫೀಸು ಬಿಟ್ಟು ಒಂದು ವರ್ಷ ಮನೆಯಲ್ಲೇ ಕೂತು ಈ ಗೇಮ್ ಮಾಡಿದ್ದಳು. ಹೆಸರು 'ಫೋರ್ಥ್ ಸೀಟ್', ಬೆಲೆ ತೊಂಬತ್ತೊಂಬತ್ತು ರೂಪಾಯಿ. ಲೋಕಲ್ ರೈಲಿನಲ್ಲಿ ಮೂವರು ಕೂರುವ ಬೆಂಚಿನ ಮೇಲೆ, ಮುಂದಿನ ಸ್ಟೇಷನ್ ಬರುವುದರೊಳಗೆ ನಾಲ್ಕನೆಯವರನ್ನು ಕೂರಿಸಬೇಕು. 'ಥೋಡಾ ಸರಕೋ' ಎಂದರೆ ಕೆಲವರು ಸರಿಯುತ್ತಾರೆ, ಕೆಲವರು ನಿದ್ದೆ ಬಂದಂತೆ ನಟಿಸುತ್ತಾರೆ. ಮೀನಿನ ಬುಟ್ಟಿಯ ಅಜ್ಜಿಯನ್ನು ಕೂರಿಸುವುದಂತೂ ಯಾರಿಗೂ ಸುಲಭವಲ್ಲ.

ಅದರ ಮೊದಲ ಟೆಸ್ಟರ್ ಯಕ್ಷಿತಾ. ಅಜ್ಜಿಯ ಬುಟ್ಟಿ ಕಿಟಕಿಯಿಂದ ತಾನಾಗಿ ಹೊರಗೆ ಹಾರಿಹೋಗುವ ತಪ್ಪನ್ನು ಕಂಡುಹಿಡಿದವಳು ಅವಳೇ. ಅದಕ್ಕೇ ಎರಡನೇ ಭಾಗದಲ್ಲಿ, ಎರಡು ಜಡೆಯ, ತನಗಿಂತ ದೊಡ್ಡ ಬ್ಯಾಗಿನ ಹುಡುಗಿಯೊಬ್ಬಳು ರೈಲು ಹತ್ತುತ್ತಾಳೆ ಎಂದು ಅಕ್ಕ ಮಾತು ಕೊಟ್ಟಿದ್ದಳು. ಆ ಹುಡುಗಿ ಯಾರೆಂದು ಯಕ್ಷಿತಾಳನ್ನು ಕೇಳಿದರೆ ಸಾಕು, ಜಡೆ ಮುಂದಕ್ಕೆ ಹಾಕಿಕೊಂಡು ನಿಲ್ಲುತ್ತಿದ್ದಳು.

"ಕೋಪ ಬಂತಾ ಅಕ್ಕ?" ಎಂದಳು ಈಗ. "ಪಬ್ಲಿಸಿಟಿ ಆಗ್ತದಲ್ಲ! ನಮ್ಮ ಹೋಟೆಲಲ್ಲಿ ನೋಡಿ. ಇಡ್ಲಿಗೆ ಸಾಂಬಾರು ಎಷ್ಟು ಸಲ ಕೇಳಿದ್ರೂ ಪಪ್ಪಾ ಫ್ರೀ ಹಾಕಿಸ್ತಾರೆ. ಅದಕ್ಕೇ ಜನ ತಿರುಗಿ ಬರುದು."

ವಿಜೇತಾ ಸ್ವಲ್ಪ ನಕ್ಕಳು. "ಹೌದು. ಆದ್ರೆ ಹಾಕಿಸುದು ಯಾರು?"

"ಪಪ್ಪಾ."

"ಗಿರಾಕಿಗಳೇ ಅಡುಗೆಮನೆಗೆ ಹೋಗಿ ಬಕೆಟ್ ತಂದು, ಇಡೀ ರಸ್ತೆಗೆ ಬಡಿಸಿದ್ರೆ?"

ಯಕ್ಷಿತಾ ಯೋಚಿಸಿದಳು. ಪಪ್ಪಾ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬರುವುದು ಕಣ್ಣಿಗೆ ಕಟ್ಟಿತು. ಆದರೆ ಅವಳೂ ಸುಮ್ಮನೆ ಸೋಲುವವಳಲ್ಲ. "ಸಾಂಬಾರಾದ್ರೆ ಖಾಲಿ ಆಗ್ತದೆ. ಗೇಮ್ ಖಾಲಿ ಆಗುದಿಲ್ವಲ್ಲ!"

"ಅದೂ ಸರಿಯೇ," ಎಂದಳು ವಿಜೇತಾ. ಮತ್ತೆ ಲ್ಯಾಪ್‌ಟಾಪಿನ ಕಡೆ ತಿರುಗಿದಳು. ಬೆರಳು ಮಾತ್ರ ಓಡಲಿಲ್ಲ.

ಯಕ್ಷಿತಾ ಮನೆಗೆ ಬಂದಾಗ ಮಮ್ಮಿ ಬಟ್ಟೆ ಮಡಚುತ್ತಿದ್ದಳು. "ವಿಜೇತಾ ಪುನಃ ಪರೇಲ್ ಆಫೀಸಿಗೆ ಸೇರ್ತಾಳಂತೆ, ಒಂದನೇ ತಾರೀಖಿಗೆ. ಗೇಮ್ ಅಷ್ಟು ಹೋಗ್ಲಿಲ್ಲಂತೆ, ಪಾಪ."

"ಮತ್ತೆ ಪಾರ್ಟ್ ಟೂ?"

"ಅದೆಲ್ಲ ಈಗ ಎಲ್ಲಿಂದ? ಬೆಳಗ್ಗೆ ಹೋದ್ರೆ ರಾತ್ರಿ ಬರುದು."

ಯಕ್ಷಿತಾಳಿಗೆ ಎರಡು ಜಡೆಯ ಹುಡುಗಿ ರೈಲು ಹತ್ತುವುದಿಲ್ಲ ಎಂಬ ದುಃಖ ಒಂದು ಕಡೆ. ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದು: ಇದು ನನ್ನಿಂದ ಆಯಿತೇ?

ಕೇಳದೆ ಗೊತ್ತಾಗುವುದು ಹೇಗೆ? ಮರುದಿನ ರಿಸೆಸ್‌ನಲ್ಲಿ ಅವಳು ರಫ್ ನೋಟ್‌ಬುಕ್ ಹಿಡಿದು ಹೊರಟಳು. ಇಪ್ಪತ್ತೆರಡು ಮಂದಿಗೂ ಒಂದೇ ಪ್ರಶ್ನೆ: "ನಾನು ಕಳಿಸದೇ ಇದ್ದಿದ್ರೆ ನೀನು ಗೇಮ್ ಕೊಂಡುಕೊಳ್ತಿದ್ದೆಯಾ? ಸಚ್ಚೀ ಬೋಲ್."

ದಾನೇಶ್ವರಿ ಚಪಾತಿ ಸುರುಳಿ ಕಚ್ಚುತ್ತಲೇ ಹೇಳಿದಳು. "ಎಲ್ಲಿದು ಬಿಡ! ಗೇಮಿಗೆ ನೂರು ರೂಪಾಯಿ ಕೇಳಿದ್ರ ನಮ್ಮಪ್ಪ ಮೊಬೈಲೂ ಕಸಗೊಳ್ತಾನ."

"ಆ ಗೇಮ್ ಉಂಟು ಅಂತಲೇ ಗೊತ್ತಿರಲಿಲ್ಲ," ಎಂದ ಪ್ರೀತಮ್. "ಲೇಕಿನ್ ಸುನ್, ಸಾಂತಾಕ್ರೂಜ್‌ನ ನನ್ನ ಕಸಿನ್ ನನ್ನ ಹತ್ರ ನೋಡಿ ಖರೀದಿ ಮಾಡಿದ. ಅವನಿಗೆ ಒರಿಜಿನಲ್ಲೇ ಬೇಕಂತೆ."

ಯಕ್ಷಿತಾಳಿಗೆ ಅವನನ್ನು ಅಪ್ಪಿಕೊಳ್ಳುವಷ್ಟು ಸಂತೋಷವಾಯಿತು. ಇಲ್ಲ, ಇಲ್ಲ, ಇಲ್ಲ ಎಂದು ಬರೆಯುತ್ತ ಹೋದಳು. ಹೆಜ್ಜೆ ಹಗುರಾಯಿತು. ನೋಡಿ, ಯಾರಿಗೂ ಏನೂ ಆಗಲೇ ಇಲ್ಲ!

ಆಮೇಲೆ ಹಿತೇಶ್ ಸಿಕ್ಕಿದ.

"ಹ್ಞಾಂ, ತಗೊಳ್ತಿದ್ದೆ," ಎಂದ ಅವನು. "ಬರ್ತ್‌ಡೇ ದುಡ್ಡಿತ್ತು. ಆ್ಯಡ್ ನೋಡಿ ಪಪ್ಪನ ಹತ್ರ ಹೇಳಿಯೂ ಇಟ್ಟಿದ್ದೆ. ಅಷ್ಟರಲ್ಲಿ ನೀನು ಕಳಿಸಿದೆ. ಥ್ಯಾಂಕ್ಸ್ ಯಾರ್!"

ಆ ಥ್ಯಾಂಕ್ಸ್ ಅವಳಿಗೆ ಬೇಕಿರಲಿಲ್ಲ. ಬೆಲ್ ಹೊಡೆಯುವ ಹೊತ್ತಿಗೆ ಅಂಥವರು ಮೂವರಾದರು.

ಸಂಜೆ ಮೂರು ಮಹಡಿ ಹತ್ತುವಾಗ ಯಕ್ಷಿತಾಳ ತಲೆಯಲ್ಲಿ ಒಂದು ಸುಳ್ಳು ತಯಾರಾಗಿತ್ತು. 'ಅಕ್ಕ, ಎಲ್ಲರನ್ನೂ ಕೇಳಿದೆ, ಯಾರೂ ಕೊಂಡುಕೊಳ್ತಿರಲಿಲ್ಲ.' ಹೇಳಲು ಎಷ್ಟು ಸುಲಭ! ನೋಟ್‌ಬುಕ್ ತೋರಿಸು ಎಂದು ಅಕ್ಕ ಏನೂ ಕೇಳುವುದಿಲ್ಲ. ಆದರೆ ವಿಜೇತಾ ಬಾಗಿಲು ತೆರೆದಾಗ ಬಾಯಿಂದ ಬಂದದ್ದೇ ಬೇರೆ.

"ಮೂರು," ಎಂದಳು. "ನನ್ನಿಂದ ಮೂರು ಹೋಯ್ತು ಅಕ್ಕ, ಹಿತೇಶ್ ಮತ್ತೆ ಇನ್ನಿಬ್ಬರದ್ದು. ದಾನೇಶ್ವರಿ ಎಲ್ಲ ಸೇರಿ ಹತ್ತೊಂಬತ್ತು ಮಂದಿ ಹೇಗೂ ತಗೊಳ್ತಿರಲಿಲ್ಲ. ಪ್ರೀತಮ್‌ನ ಕಸಿನ್ ತಗೊಂಡ, ಒಂದು ಬಂತು. ಆದ್ರೆ ಮೂರು ಹೋಯ್ತು. ಸಾರಿ."

ವಿಜೇತಾ ಅವಳನ್ನು ಒಳಗೆ ಕರೆದು ಕೂರಿಸಿದಳು. "ಎಲ್ಲರನ್ನೂ ಕೇಳಿದೆಯಾ? ಇಪ್ಪತ್ತೆರಡು ಮಂದಿಯನ್ನೂ?"

"ಹ್ಞೂಂ."

"ನಾನು ನಿನ್ನಷ್ಟಿರುವಾಗ ಏನು ಮಾಡ್ತಿದ್ದೆ ಗೊತ್ತುಂಟಾ? ಸ್ಟೇಷನ್ ಹೊರಗೆ ಫುಟ್‌ಪಾತಿನಲ್ಲಿ ಮೂವತ್ತು ರೂಪಾಯಿಗೆ ಕಾಪಿ ಸೀಡಿ ಸಿಗ್ತಿತ್ತು. ಎಲ್ಲ ಗೇಮ್ ಅದರಲ್ಲೇ ಆಡಿದ್ದು. ಅದಿಲ್ಲದಿದ್ರೆ ಗೇಮ್ ಮಾಡುವ ಹುಚ್ಚೇ ಹಿಡಿತಿರಲಿಲ್ಲ. ಅವನ್ನು ಮಾಡಿದವರು ಯಾರೋ, ಎಲ್ಲಿದ್ದಾರೋ ಅಂತ ಒಂದು ದಿನವೂ ಯೋಚಿಸ್ಲಿಲ್ಲ. ಈಗ ನಿನಗೆ ಬೈಯ್ಲಿಕ್ಕೆ ನನಗೆಲ್ಲಿ ಮುಖ ಉಂಟು?"

"ಹಾಗಾದ್ರೆ ನೀವು ಆಫೀಸಿಗೆ ಹೋಗುದು ನನ್ನಿಂದ ಅಲ್ಲ ಅಲ್ವಾ?"

ವಿಜೇತಾ ಮಕ್ಕಳಿಗೆ ಬೆಲ್ಲ ಸವರಿ ಮಾತಾಡುವವಳಲ್ಲ. "ಮೂರರಿಂದ ನನ್ನ ಮನೆ ಬಾಡಿಗೆ ನಿಲ್ಲುದಿಲ್ಲ ಬಿಡು. ಆದ್ರೆ ಆ ಇಪ್ಪತ್ತೆರಡು ಮಂದಿ ಮತ್ತೆ ಯಾರ್‍ಯಾರಿಗೆ ಕಳಿಸಿದ್ದಾರೆ?"

ಯಕ್ಷಿತಾ ನೋಟ್‌ಬುಕ್ ತಿರುವಿ ನೋಡಿದಳು. ಅದನ್ನು ಅವಳು ಕೇಳಿಯೇ ಇರಲಿಲ್ಲ.

"ನನಗೂ ಗೊತ್ತಿಲ್ಲ," ಎಂದಳು ವಿಜೇತಾ. "ಅವರಲ್ಲಿ ಎಷ್ಟು ಹಿತೇಶ್, ಎಷ್ಟು ದಾನೇಶ್ವರಿ, ಯಾರು ಹೋಗಿ ಕೇಳ್ತಾರೆ? ಅದಕ್ಕೇ ನಿನ್ನಿಂದ ಅಂತಲೂ ಹೇಳುದಿಲ್ಲ, ನಿನ್ನಿಂದ ಅಲ್ಲ ಅಂತಲೂ ಹೇಳುದಿಲ್ಲ. ಬಾ, ಚಾ ಮಾಡ್ತೇನೆ."

ಒಂದನೇ ತಾರೀಖು ಬಂತು. ವಿಜೇತಾ ಇಸ್ತ್ರಿ ಮಾಡಿದ ಕುರ್ತಾ ಹಾಕಿ, ಕುತ್ತಿಗೆಗೆ ಆಫೀಸಿನ ಕಾರ್ಡು ತೂಗಿಸಿಕೊಂಡು ಮೆಟ್ಟಿಲು ಇಳಿದಳು. ಯಕ್ಷಿತಾ ಕೈ ಬೀಸಿದಳು. ಅಕ್ಕನೂ ಬೀಸಿದಳು, ಆದರೆ ರೈಲಿಗೆ ತಡವಾಗಿತ್ತು, ನಿಲ್ಲಲಿಲ್ಲ.

ಅಂದು ಕತ್ತಲಾಗುವ ಹೊತ್ತಿಗೆ ಮಮ್ಮಿಯ ಮೊಬೈಲ್ ಹಿಡಿದು ಯಕ್ಷಿತಾ ಬಿಲ್ಡಿಂಗಿನ ಕೆಳಗಿನ ಬೆಂಚಿನಲ್ಲಿ ಕೂತಿದ್ದಾಗ, ಶಾಲೆಯ ಬಿ ಡಿವಿಜನ್‌ನ ಒಬ್ಬ ಹುಡುಗಿ ಓಡಿ ಬಂದಳು. ಪಕ್ಕದ ವಿಂಗಿಗೆ ಹೊಸದಾಗಿ ಬಂದವಳು.

"ನಿನ್ ಹತ್ರ ಆ ಟ್ರೇನ್ ಗೇಮ್ ಉಂಟಂತೆ? ಅಜ್ಜಿಯ ಬುಟ್ಟಿದು? ನನಗೂ ಭೇಜ್ ನಾ, ಪ್ಲೀಸ್!"

ಫೈಲ್ ಇನ್ನೂ ಇತ್ತು. ಒಂದು ಸಲ ಒತ್ತಿದರೆ ಮುಗಿಯಿತು.

ಇವಳು ಹತ್ತೊಂಬತ್ತರವಳೋ, ಮೂವರಲ್ಲಿ ಒಬ್ಬಳೋ? ಯಕ್ಷಿತಾ ಅವಳ ಮುಖವನ್ನು ನೋಡಿದಳು. ಓಡಿ ಬಂದು ಕೆಂಪಾಗಿತ್ತು, ಮೂಗಿನ ಮೇಲೆ ಬೆವರಿತ್ತು, ಕಣ್ಣುಗಳಲ್ಲಿ ಆಸೆ ಇತ್ತು. ಹಿತೇಶನ ಮುಖವೂ ಹಾಗೇ ಇತ್ತು. ದಾನೇಶ್ವರಿಯ ಮುಖವೂ ಹಾಗೇ ಇತ್ತು.

"ಭೇಜ್ ನಾ," ಎಂದಳು ಹುಡುಗಿ ಮತ್ತೆ.

ಯಕ್ಷಿತಾ ಮೊಬೈಲನ್ನು ಜೇಬಿಗೆ ಹಾಕಿ, ಬೆಂಚಿನಲ್ಲಿ ಸ್ವಲ್ಪ ಸರಿದು ಅವಳಿಗೆ ಜಾಗ ಮಾಡಿಕೊಟ್ಟಳು. "ಕೂತ್ಕೋ," ಎಂದಳು. "ಇದನ್ನು ಮಾಡಿದವರು ಮೂರನೇ ಮಹಡಿಯಲ್ಲಿದ್ದಾರೆ. ಈಗ ಬರುವ ಹೊತ್ತಾಯ್ತು."