ಹತ್ತೊಂಬತ್ತು ಎಂದವನು

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಹರದನಹಳ್ಳಿಯ ಮಾನಸಾ ತನ್ನ ತಾಯಿ ಸರಸಮ್ಮನ ಜೊತೆ ಹೊಳೆನರಸೀಪುರದ ಠಾಣೆಗೆ ಬಂದಳು. ದೂರು ಬರೆದುಕೊಳ್ಳಲು ಕೂತವಳು ಹೆಡ್ ಕಾನ್‌ಸ್ಟೆಬಲ್ ನೇತ್ರಾವತಿ. ಹುಡುಗಿ ದುಪಟ್ಟಾವನ್ನು ಮುಖಕ್ಕೆ ಬಿಗಿದು ಕಣ್ಣಷ್ಟೇ ಬಿಟ್ಟಿದ್ದಳು. ಠಾಣೆಯೊಳಗೂ ಬಿಚ್ಚಲಿಲ್ಲ.

"ಯಾಕವ್ವ, ಅದನ್ನ ತೆಗಿ. ಇಲ್ಲಿ ಯಾರವ್ರೆ?"

ಮಾನಸಾ ಫೋನ್ ಮುಂದೆ ಹಿಡಿದಳು. ಅದರಲ್ಲಿ ಅವಳದೇ ಫೋಟೋ. ಚನ್ನರಾಯಪಟ್ಟಣದ ಬಸ್ಸಿಗೆ ಕಾಯುತ್ತ ನಿಂತಾಗ ಯಾರೋ ದೂರದಿಂದ ತೆಗೆದದ್ದು. ಕೆಳಗೆ ಹೀಗೆ ಬರೆದಿತ್ತು: 'ಐನೂರು ಲೈಕ್ ಆದ ದಿನ ಈ ಮುಖಕ್ಕೆ ಆಸಿಡ್.'

ಹಾಕಿದವನ ಹೆಸರು ಸುಳ್ಳು. ಅದು ಒಂದೇ ಕಂಪನಿಯ ಕೈಯಲ್ಲಿರುವ ಜಾಲತಾಣವೂ ಅಲ್ಲ. ನೂರಾರು ಜನ ತಮ್ಮ ತಮ್ಮ ಸರ್ವರ್ ಇಟ್ಟುಕೊಂಡು ಒಂದಕ್ಕೊಂದು ಜೋಡಿಸಿಕೊಂಡಿರುವ ಜಾಲ. ನೇತ್ರಾವತಿ ಅದರ ಆ್ಯಪನ್ನು ತನ್ನ ಫೋನಿಗೆ ಹಾಕಿಕೊಂಡು, ಅದು ತೋರಿಸಿದ ಮೊದಲ ಸರ್ವರಿನಲ್ಲಿ ಖಾತೆ ತೆರೆದು ಆ ಫೋಟೋ ಹುಡುಕಿದಳು. ಸಿಕ್ಕಿತು. ಅವಳಿಗೆ ನಿರಾಳವಾಯಿತು.

"ಮೂರೇ ಲೈಕ್ ಕಣವ್ವ. ಐನೂರು ಎಲ್ಲಿ, ಮೂರು ಎಲ್ಲಿ?"

"ಆ್ಯಪಲ್ಲಲ್ಲ, ಫೋಟೋದ ಲಿಂಕ್ ತೆಗ್ದು ನೋಡಿ ಮೇಡಂ," ಎಂದಳು ಮಾನಸಾ.

ಲಿಂಕಿನಲ್ಲಿ ನಾನೂರ ಮೂವತ್ತೊಂದಿತ್ತು. ನೋಡುತ್ತಿರುವಂತೆಯೇ ನಾನೂರ ಮೂವತ್ತಮೂರಾಯಿತು. ಕೆಳಗೆ ಇನ್ಯಾರೋ ಬರೆದಿದ್ದ: 'ನಿನ್ ಕೈಲಾಗ್ದಿದ್ರೆ ಹೇಳು, ನಾನೂ ಅದೇ ಕಡೆಯೋನು, ನಾನ್ ಮುಗಿಸ್ತೀನಿ.' ಹದಿನಾಲ್ಕು ವರ್ಷದ ನೌಕರಿಯಲ್ಲಿ ಕುಡುಕರನ್ನೂ ಮಚ್ಚು ಹಿಡಿದವರನ್ನೂ ಕಂಡವಳು ನೇತ್ರಾವತಿ. ಅವರಿಗೆಲ್ಲ ಮುಖವಿತ್ತು, ಇವನಿಗೆ ಮುಖವೇ ಇರಲಿಲ್ಲ.

ಇನ್ಸ್‌ಪೆಕ್ಟರ್ ಅರುಣ್‌ಕುಮಾರ್ ದೂರು ಓದಿ, ಬೆನ್ನುಹತ್ತಿ ಕಾಡಿದ್ದಕ್ಕೂ ಬೆದರಿಸಿದ್ದಕ್ಕೂ ಭಾರತೀಯ ನ್ಯಾಯ ಸಂಹಿತೆಯ ಕಲಂ 78 ಮತ್ತು 351ರ ಅಡಿ ಎಫ್‌ಐಆರ್ ದಾಖಲಿಸಿದರು. ಫೋಟೋ ತೆಗೆದುಹಾಕುವಂತೆ ಆ ಸರ್ವರಿನವರಿಗೆ ಇಮೇಲ್ ಹೋಯಿತು. ಸರ್ವರ್ ಇರುವುದು ಯಾವುದೋ ಹೊರದೇಶದಲ್ಲಿ, ಉತ್ತರ ಬರಲಿಲ್ಲ.

"ಯಾರ ಮೇಲಾದರೂ ಅನುಮಾನ?"

"ಯಾರೂ ಇಲ್ಲ ಸಾ," ಎಂದಳು ಸರಸಮ್ಮ. "ಹೋದ ತಿಂಗ್ಳು ವೀಳ್ಯಶಾಸ್ತ್ರ ಆಯ್ತು. ಕೊರವಂಗಲದ ಉಡುಗ, ಪೃಥ್ವಿರಾಜ ಅಂತ. ಅರಕಲಗೂಡಲ್ಲಿ ಸೋಲಾರ್ ಪಂಪು ರಿಪೇರಿ ಮಾಡ್ತಾನೆ. ದೇವ್ರಂಥೋನು. ಈ ಫೋಟೋ ಬಂದಾಗ್ನಿಂದ ಇವಳ್ನ ದಿನಾ ಸಂಜೆ ಬೈಕಲ್ಲಿ ಮನೆವರ್ಗೂ ಕರ್ಕಬತ್ತಾನೆ. ವೀಳ್ಯ ಆದ್ಮೇಲೆ ಧಾರೆವರ್ಗೂ ಗಂಡು ಕರೀದೆ ಹೆಣ್ಣಿನ ಮನೆಗೆ ಕಾಲಿಡಂಗಿಲ್ಲ, ನಮ್ ಕಡೆ ಹಂಗೆ. ಆದ್ರೆ ಇಂಥಾ ಹೊತ್ತಲ್ಲಿ ಶಾಸ್ತ್ರ ಹಿಡ್ಕಂಡು ಕೂತ್ಕಳಕಾಯ್ತದಾ?"

ಮಂಗಳವಾರ ನೇತ್ರಾವತಿ ಸೀರೆಯುಟ್ಟು, ಯಾರೋ ನೆಂಟರವಳಂತೆ ಮಾನಸಾಳ ಜೊತೆ ಬಸ್ಸಿಗೆ ನಿಂತಳು. ಮಾನಸಾಗೆ ಚನ್ನರಾಯಪಟ್ಟಣದ ಒಂದು ಲ್ಯಾಬಿನಲ್ಲಿ ಕೆಲಸ. ಬಸ್ ನಿಲ್ದಾಣದಲ್ಲಿ ಒಬ್ಬ ತೀರ ಪಕ್ಕಕ್ಕೆ ಬಂದು ಚೀಲದಿಂದ ಬಾಟಲಿ ತೆಗೆದು ಮುಚ್ಚಳ ತಿರುಗಿಸಿದ. ನೇತ್ರಾವತಿ ಹುಡುಗಿಯನ್ನು ಹಿಂದಕ್ಕೆ ನೂಕಿ ಅಡ್ಡ ನಿಂತಳು. ಅವನು ಗಟಗಟ ನೀರು ಕುಡಿದು, ಈ ಹೆಂಗಸಿಗೇನಾಯಿತೆಂಬಂತೆ ನೋಡಿ ಹೊರಟುಹೋದ. ಬಾಟಲಿ ಹಿಡಿದವರು ಆ ನಿಲ್ದಾಣದಲ್ಲಿ ಎಷ್ಟು ಜನರಿದ್ದಾರೆಂಬುದನ್ನು ಅವಳು ಅಲ್ಲಿಯವರೆಗೆ ಗಮನಿಸಿರಲಿಲ್ಲ.

ಸಂಜೆ ಲ್ಯಾಬಿನ ಬಾಗಿಲಿಗೆ ಪೃಥ್ವಿರಾಜ್ ಬಂದ. ಸಣ್ಣ ದನಿಯ, ನಯವಾದ ಹುಡುಗ. ಬೇಕರಿಯಿಂದ ಬನ್ನು ತಂದಿದ್ದ. ಮಾನಸಾ ಅಳುತ್ತ ಅವನ ತೋಳು ಹಿಡಿದಳು.

"ಎದ್ರಕಬೇಡ. ಬರೀ ಹತ್ತೊಂಬತ್ತು ಜನ ಒತ್ತವ್ರೆ. ಐನೂರು ಯಾವ ಕಾಲಕ್ಕಾದಾತು?"

"ಇಲ್ಲ ಕಣೋ, ನಾನೂರ ಅರವತ್ತೆಂಟು."

"ಎದ್ರಿ ಏನೇನೋ ನೋಡ್ತೀಯ ನೀನು. ನಾನಿಲ್ವಾ?"

ನೇತ್ರಾವತಿ ಆ ಮಾತನ್ನು ಮನಸ್ಸಿಗೆ ಹಾಕಿಕೊಳ್ಳಲಿಲ್ಲ. ಹಿಂದಿನ ದಿನ ತಾನೇ ಮೂರು ಎಂದಿದ್ದಳಲ್ಲ.

ಬುಧವಾರ ಬೆಳಿಗ್ಗೆ ಇನ್ಸ್‌ಪೆಕ್ಟರು ಅವಳನ್ನು ಪಾಲಾಕ್ಷನಲ್ಲಿಗೆ ಕಳಿಸಿದರು. ಪಾಲಾಕ್ಷ ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು. ಜಿಲ್ಲೆಯ ಗೆಳೆಯರಿಗೆಂದು ಇದೇ ಜಾಲದಲ್ಲಿ ಒಂದು ಪುಟ್ಟ ಸರ್ವರ್ ನಡೆಸುತ್ತಿದ್ದ.

"ಒಂದೇ ಫೋಟೋಗೆ ಒಂದೊಂದು ಫೋನಲ್ಲಿ ಒಂದೊಂದು ಲೆಕ್ಕ ಯಾಕಪ್ಪ?"

"ಮದ್ವೆಗೆ ಹತ್ತೂರಿಂದ ಜನ ಬತ್ತಾರೆ ಅನ್ಕೊಳಿ ಮೇಡಂ. ಅವರವರ ಊರಿಂದ ಎಷ್ಟು ಜನ ಬಂದ್ರು ಅಂತ ಅವರವರಿಗೆ ಗೊತ್ತಿರ್ತದೆ. ಒಟ್ಟು ಎಷ್ಟು ಎಲೆ ಎದ್ವು ಅನ್ನೋದು ಮದ್ವೆಮನೆಯೋನಿಗೇ ಗೊತ್ತು. ಫೋಟೋ ಹಾಕಿರೋ ಸರ್ವರ್ರೇ ಮದ್ವೆಮನೆ. ಲಿಂಕ್ ತೆಗುದ್ರೆ ಅಲ್ಲಿಗೇ ಓಯ್ತೀರಿ, ಪೂರಾ ಲೆಕ್ಕ ಕಾಣ್ತದೆ. ಬೇರೆ ಸರ್ವರಲ್ಲಿ ಕೂತು ನೋಡುದ್ರೆ ಆ ಸರ್ವರ್‌ನೋರು ಒತ್ತಿದ್ದಷ್ಟೇ."

"ನಿನ್ನದ್ರಲ್ಲಿ ಎಷ್ಟೈತೆ?"

ಪಾಲಾಕ್ಷ ತೆಗೆದು ನೋಡಿದ. ಅವನ ಮುಖ ಬಾಡಿತು. "ಹತ್ತೊಂಬತ್ತು. ನಮ್ಮೋರೇ ಹತ್ತೊಂಬತ್ತು ಜನ ಒತ್ತವ್ರಲ್ಲ ಮೇಡಂ. ತಮಾಷೆ ಅನ್ಕೊಂಡ್ರಾ?"

ಹಿಂದಿನ ಸಂಜೆ ಲ್ಯಾಬಿನ ಬಾಗಿಲಲ್ಲಿ ಕೇಳಿದ್ದೂ ಹತ್ತೊಂಬತ್ತೇ ಎಂಬುದು ನೇತ್ರಾವತಿಗೆ ನೆನಪಾಯಿತು. "ಕೊರವಂಗಲದ ಪೃಥ್ವಿರಾಜ್ ಅನ್ನೋನು ನಿನ್ ಸರ್ವರಲ್ಲಿ ಇದ್ದಾನಾ?"

"ಅವ್ನೆ. ಪಂಪಿನ ವಿಷ್ಯ ಬರೀತಿರ್ತಾನೆ. ಒಳ್ಳೇ ಉಡುಗ."

ಮಧ್ಯಾಹ್ನ ಮೂರಕ್ಕೆ ಪೃಥ್ವಿರಾಜ್‌ನನ್ನು ಠಾಣೆಗೆ ಕರೆಸಿದರು.

"ಈ ಜಾಲತಾಣದಲ್ಲಿ ನಿನಗೆ ಖಾತೆ ಇದೆಯಾ?" ಇನ್ಸ್‌ಪೆಕ್ಟರು ಕೇಳಿದರು.

"ಇಲ್ಲ ಸಾ. ಅಂಥವುಕ್ಕೆಲ್ಲ ನಾನು ಓಗಲ್ಲ. ಮಾನಸಾ ಕಳ್ಸಿದ ಲಿಂಕಲ್ಲಿ ನೋಡಿದ್ದಷ್ಟೆ."

"ನಿನ್ನೆ ಎಷ್ಟಿತ್ತು?"

"ಹತ್ತೊಂಬತ್ತು."

"ಲಿಂಕಲ್ಲಿ ನಾನೂರ ಅರವತ್ತೆಂಟು. ಹತ್ತೊಂಬತ್ತು ಕಾಣೋದು ಪಾಲಾಕ್ಷನ ಸರ್ವರಲ್ಲಿ ಮಾತ್ರ. ಅಲ್ಲಿ ನಿನ್ನ ಖಾತೆ ಇದೆ. ಇಲ್ಲ ಅಂತ ಯಾಕೆ ಅಂದೆ?"

ನೇತ್ರಾವತಿ ಲಿಂಕ್ ತೆಗೆದು ಫೋನನ್ನು ಅವನ ಮುಂದಿಟ್ಟಳು. ನಾನೂರ ತೊಂಬತ್ತೊಂದು. ಕೆಳಗೆ ಆ ಇನ್ನೊಬ್ಬ ಹೊಸದಾಗಿ ಬರೆದಿದ್ದ: 'ಇನ್ನೇನು ಒಂಬತ್ತು. ನಾನು ರೆಡಿ.'

ಹುಡುಗ ಫೋನನ್ನು ಹತ್ತಿರಕ್ಕೆಳೆದುಕೊಂಡ. "ಇದು ಸುಳ್ಳು ಸಾ. ಐನೂರು ಯಾವತ್ತೂ ಆಗಲ್ಲ ಅಂತಾನೇ ಹಾಕಿದ್ದು ನಾನು."

ಆಡಿದ ಮೇಲೆ ಏನಾಡಿದೆನೆಂದು ಅವನಿಗೆ ಹೊಳೆಯಿತು.

"ತೆಗೆದುಹಾಕು. ಈಗಲೇ," ಎಂದರು ಇನ್ಸ್‌ಪೆಕ್ಟರು.

"ಆಗಲ್ಲ ಸಾ. ಸಿಗಾಕ್ಕತೀನಿ ಅಂತ ಆ ಖಾತೆಗೆ ತಗಂಡಿದ್ದ ಸಿಮ್ಮು ಅವತ್ತೇ ಮುರ್ದು ಹೊಳೆಗೆ ಹಾಕ್ದೆ. ಪಾಸ್‌ವರ್ಡ್ ನೆಪ್ಪಿಲ್ಲ. ಆಮೇಲೆ ನಮ್ ಸರ್ವರಲ್ಲೇ ನೋಡ್ತಿದ್ದೆ. ಹತ್ತೊಂಬತ್ತೇ ಇತ್ತು ಸಾ. ಕೆಳಗೆ ಬರ್ದಿರೋನು ಯಾರು? ಅವನ್ನ ಹಿಡೀರಿ ಸಾ, ನಿಮ್ ಕಾಲಿಗ್ ಬೀಳ್ತೀನಿ."

ಪಂಚರ ಸಮಕ್ಷಮ ಅವನ ಮೊಬೈಲ್ ಜಪ್ತಿಯಾಗಿ ಪಂಚನಾಮೆಯಾಯಿತು. ಅಳಿಸಿದ ಚಿತ್ರಗಳ ನಡುವೆ ಆ ಫೋಟೋ ಸಿಕ್ಕಿತು. ಹೆಲ್ಮೆಟ್ ಹಾಕಿಕೊಂಡು ರಸ್ತೆಯ ಆಚೆ ಬದಿಯಿಂದ ತೆಗೆದನಂತೆ. ಐದೂಕಾಲಿಗೆ ದಸ್ತಗಿರಿ. ಇನ್ನೊಬ್ಬನ ಜಾಡು ಹುಡುಕಲು ಹಾಸನದ ಸೈಬರ್ ಠಾಣೆಗೆ ಪತ್ರ ಹೋಯಿತು. ಅಷ್ಟು ಹೊತ್ತಿಗೆ ಲೆಕ್ಕ ಐನೂರ ನಾಲ್ಕಾಗಿತ್ತು.

ಯಾಕೆ ಮಾಡಿದೆ ಎಂದು ಕೇಳಿದ್ದು ನೇತ್ರಾವತಿ. ಸಿಟ್ಟಿನಿಂದ ಕೇಳಬೇಕೆಂದುಕೊಂಡಿದ್ದಳು, ಆಗಲಿಲ್ಲ.

"ವೀಳ್ಯ ಆದ್ಮೇಲೂ ಅವಳಾಗೇ ಒಂದ್ ದಿನ ಫೋನ್ ಮಾಡ್ಲಿಲ್ಲ ಮೇಡಂ. ಮನೆತಾವ ಓಗಂಗಿಲ್ಲ. ಅವಳು ಕೆಲ್ಸ, ಗೆಳತೇರು ಅಂತ ಚೆನ್ನಾಗೇ ಇದ್ಲು, ನಾನು ಬೇಕಾಗೇ ಇರ್ಲಿಲ್ಲ. ಇದನ್ನ ಹಾಕಿದ್ ದಿನ ಆರ್ ಸಲ ಫೋನ್ ಮಾಡುದ್ಲು."

ಗುರುವಾರ ಬೆಳಿಗ್ಗೆ ಮಾನಸಾ ಕೆಲಸಕ್ಕೆ ಹೊರಟಳು. ಫೋಟೋ ಹಾಕಿದವನು ಯಾರೆಂದು ಹಿಂದಿನ ರಾತ್ರಿಯೇ ಅವಳಿಗೆ ತಿಳಿಸಿದ್ದರು, ಬೇಡವೆಂದರೂ ಕೇಳಲಿಲ್ಲ. ನೇತ್ರಾವತಿ ಜೊತೆಗಿದ್ದಳು. ನಿಲ್ದಾಣದಲ್ಲಿ ಯಾರೋ ಒಬ್ಬ ಹೆಲ್ಮೆಟ್ ತೆಗೆಯದೆ ಅವರ ಕಡೆಗೇ ನೋಡುತ್ತ ನಿಂತ. ಯೋಚಿಸುವ ಮೊದಲೇ ಮಾನಸಾಳ ಕೈ ಫೋನು ತೆಗೆದು ಪೃಥ್ವಿರಾಜನ ಹೆಸರು ಒತ್ತಿಬಿಟ್ಟಿತ್ತು. ಜಪ್ತಿಯಾದ ಫೋನು ಸ್ವಿಚ್ ಆಫ್ ಎಂದು ಒಂದು ಹೆಣ್ಣುದನಿ ಹೇಳಿತು. ಅವಳು ಫೋನನ್ನು ಕಿವಿಯಿಂದ ತೆಗೆಯದೆ, ಆ ದನಿ ಇನ್ನೊಂದು ಸಲ ಹೇಳುವವರೆಗೂ ಕೇಳಿದಳು.